ಸ್ಲೈಗೋದಲ್ಲಿ ಒಣಗದ ಸಮುದ್ರ

ಐರ್ಲೆಂಡಿನಲ್ಲಿ ಏನೇನು ನೋಡಿದಿರಿ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚೇನೂ ನೋಡಲಿಲ್ಲ. ಕೋಟೆ ನೋಡಲಿಲ್ಲ, ಅರಮನೆ ನೋಡಲಿಲ್ಲ, ಡಬ್ಲಿನ್ನನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೆ. ಮೂರು ತಿಂಗಳು ಇದ್ದು ನಾನು ಕಣ್ಣಿಟ್ಟು ನೋಡಿದ್ದು ಒಂದು ಸಮುದ್ರದ ಚಿತ್ರವನ್ನು. ಅದನ್ನು ನೋಡಿಕೊಂಡು ಎಣ್ಣೆ ಬಣ್ಣದಲ್ಲಿ ನಾನೇ ಇನ್ನೊಂದು ಬರೆದೆ. ಓದಿದ್ದು ನಾಲ್ಕನೇ ಕ್ಲಾಸು. ದಾವಣಗೆರೆಯಲ್ಲಿ ಮನೆ ಮುಂದೆ ಒಲೆ ಹೂಡಿ ವರ್ಷಗಟ್ಟಲೆ ಮೆಣಸಿನಕಾಯಿ ಬಜ್ಜಿ ಕರಿದು ಮಾರಿದವಳು ನಾನು. ಆ ಚಿತ್ರದ ಬಗ್ಗೆ ನನಗೆ ಜಂಬ ಇದೆ. ಕಾರಣ ಇದ್ದೂ ಜಂಬ ಪಡದೆ ತಲೆ ತಗ್ಗಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಬಸ್ಸು

ಮಗಳು ಶೋಭಾ ಸ್ಲೈಗೋ ಊರಿನ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಅಳಿಯ ಮಂಜುನಾಥ ಅಲ್ಲೇ ಒಂದು ಔಷಧಿ ಕಂಪನಿಯಲ್ಲಿದ್ದಾರೆ. ಮೊಮ್ಮಗಳು ಅನ್ವಿ ಹುಟ್ಟಿದ್ದೇ ಅಲ್ಲಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ರಾಗ ಎಳೆದು ಉತ್ತರ ಕೊಡುತ್ತಾಳೆ.

ವಿಮಾನ ಇಳಿದು ಸ್ಲೈಗೋಗೆ ಬಸ್ಸಿನಲ್ಲಿ ಹೋದೆವು. ಆ ದೇಶದ ಬಗ್ಗೆ ನನಗೆ ಮೊದಲು ಗೊತ್ತಾದ ಸಂಗತಿ ಎಂದರೆ, ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಮುದುಕರು, ಕಾಲೇಜು ಹುಡುಗರು, ಕುಡಿದು ತೂರಾಡುತ್ತಿದ್ದ ಒಬ್ಬ, ಎಲ್ಲರೂ. ನಮ್ಮ ಊರಲ್ಲಿ ಹೀಗೆ ಸಾಲಾಗಿ ಥ್ಯಾಂಕ್ಸ್ ಹೇಳಿದರೆ ಬ್ರೇಕ್ ಏನಾದರೂ ಹೋಗಿದೆಯಾ ಎಂದು ಡ್ರೈವರೇ ಗಾಬರಿಯಾದಾನು.

ಎರಡನೆಯ ಸಂಗತಿ, ಅಲ್ಲಿ ಎಲ್ಲವೂ 'ಗ್ರ್ಯಾಂಡ್'. ತುಂತುರು ಹನಿ ಬೀಳುತ್ತಿದ್ದರೂ ಪಕ್ಕದ ಮನೆಯವರು ಗ್ರ್ಯಾಂಡ್ ಎನ್ನುತ್ತಾರೆ. ಟೀ ಬೇಕಾ ಎಂದರೆ, ಬೇಡ, ಗ್ರ್ಯಾಂಡ್. ಭರ್ಜರಿ ಎಂದು ಅರ್ಥ ಮಾಡಿಕೊಳ್ಳಬೇಡಿ. ಪರವಾಗಿಲ್ಲ, ನಡೆಯುತ್ತದೆ ಎಂದಷ್ಟೇ. ಹದಿನೈದು ದಿನದಲ್ಲಿ ಅಳಿಯನ ಬಾಯಲ್ಲೂ ಕೇಳಿದೆ: "ಸಾರು ಗ್ರ್ಯಾಂಡ್ ಆಗಿದೆ ಅತ್ತೆ." ನನ್ನ ಸಾರಿಗೆ ಪರವಾಗಿಲ್ಲ ಅಂತೆ! ಅಂದು ಅವರಿಗೆ ಎರಡನೇ ಸಲ ಬಡಿಸಲಿಲ್ಲ.

ಹಾಲ್

ಎರಡು ಮನೆ ಆಚೆ ಸಿಸಿಲಿಯಾ ಎಂಬ ಹೆಂಗಸು. ಕುಂದಾಪುರದ ಕಡೆಯವಳು. ಅಲ್ಲಿಗೆ ಹೋಗಿ ಬಹಳ ವರ್ಷವಾಗಿದೆ. ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸ ಮಾಡಿ ಈಗ ಬಿಟ್ಟಿದ್ದಾಳೆ. ಮನೆಯವರೆಲ್ಲ ಕೆಲಸಕ್ಕೆ, ಸ್ಕೂಲಿಗೆ ಹೋದ ಮೇಲೆ ನಾನು ಕಿಟಕಿಯಲ್ಲಿ ಕೂತಿರುವುದನ್ನು ನೋಡಿ ಒಂದು ದಿನ ಒಳಗೇ ಬಂದಳು.

"ಎಂತ ಮಾರಾಯ್ರೆ, ಇಡೀ ದಿನ ಹೀಗೆ ರಸ್ತೆ ಕಾಯುದಾ? ಗುರುವಾರ ನನ್ನೊಟ್ಟಿಗೆ ಹಾಲ್‌ಗೆ ಬನ್ನಿ. ಚಿತ್ರ ಕಲಿಸ್ತಾರೆ. ಹೀಟರ್ ಉಂಟು, ಬಿಸ್ಕತ್ತು ಉಂಟು."

ನಾನು ಹೋದದ್ದು ಹೀಟರಿಗೆ.

ಚರ್ಚಿನ ಹಿಂದಿನ ಹಾಲ್ ಅದು. ಕಲಿಸುವವನು ಡೋನಲ್. ಉದ್ದನೆಯ ಮನುಷ್ಯ, ಮೊಣಕೈ ಹರಿದ ಸ್ವೆಟರ್, ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಬಣ್ಣ. ಹಳೆಯ ಪುಸ್ತಕಗಳಿಂದ ಹರಿದ ಚಿತ್ರಗಳ ರಾಶಿಯನ್ನು ಮೇಜಿನ ಮೇಲೆ ಸುರಿದು ಏನೋ ಹೇಳಿದ. ಸಿಸಿಲಿಯಾ ಕನ್ನಡ ಮಾಡಿದಳು.

"ಒಂದು ಆರಿಸಿ, ಇದ್ದದ್ದು ಇದ್ದ ಹಾಗೆ ನೋಡಿ ಬರೀಬೇಕಂತೆ. ನಿಮ್ಮದು ಎಂತದೂ ಸೇರಿಸ್ಲಿಕ್ಕಿಲ್ಲ. ಕದ್ದರೇ ಕಲಿಯುದಂತೆ."

ಉಳಿದವರು ಹಣ್ಣಿನ ತಟ್ಟೆ, ಹೂವಿನ ಕುಂಡ ಆರಿಸಿಕೊಂಡರು. ನಾನು ಸಮುದ್ರ ತೆಗೆದುಕೊಂಡೆ. ಬರೆದವನು ಯಾರೋ ಇನ್ನೂರು ವರ್ಷದ ಹಿಂದಿನವನಂತೆ. ಬಿರುಗಾಳಿ ಆಗಷ್ಟೇ ನಿಂತಿದೆ. ಮೋಡದ ಸಂದಿಯಿಂದ ಬೆಳಕು ಇಳಿಯುತ್ತಿದೆ. ಎಡಕ್ಕೆ ಕಪ್ಪು ಬಂಡೆ, ಅದರ ಬುಡದಲ್ಲಿ ಒಡೆದ ದೋಣಿ. ದಂಡೆಯ ಮೇಲೆ ಒಬ್ಬ ಮುದುಕ, ಇಬ್ಬರು ಹೆಂಗಸರು, ಒಬ್ಬಳ ಲಂಗ ಹಿಡಿದ ಮಗು. ಅವರಲ್ಲಿ ಒಬ್ಬಳು ತಲೆ ಮೇಲೆ ಶಾಲು ಎಳೆದುಕೊಳ್ಳುತ್ತಿದ್ದ ರೀತಿ ಥೇಟ್ ನಮ್ಮ ಹೆಂಗಸರು ಸೆರಗು ಎಳೆದುಕೊಂಡ ಹಾಗಿತ್ತು. ಇವಳನ್ನು ಬರೆಯಬಲ್ಲೆ ಎನಿಸಿತು.

ತಪ್ಪು ತಿಳಿದಿದ್ದೆ. ನನಗೆ ಗೊತ್ತಿದ್ದ ಬರೆಯುವ ಕೆಲಸ ರಂಗೋಲಿ ಒಂದೇ. ಅದು ಒಂದೇ ಸಲಕ್ಕೆ ಮುಗಿಯಬೇಕು, ಎಳೆದ ಎಳೆ ಎಳೆದದ್ದೇ. ಇಲ್ಲಿ ಮೊದಲು, ಚೌಕಟ್ಟಿಗೆ ಬಿಗಿದ ಇಡೀ ಬಟ್ಟೆಗೆ ಸಗಣಿ ಸಾರಿಸಿದ ಹಾಗೆ ಕಂದು ಬಣ್ಣ ಬಳಿಯಬೇಕು. ಆಮೇಲೆ ಒರೆಸಬೇಕು. ಮೇಲೆ ಬರೆಯಬೇಕು, ಒಣಗಲು ಬಿಡಬೇಕು, ಮತ್ತೆ ಬರೆಯಬೇಕು. ಕಪ್ಪು ಬಂಡೆಗೆ ಕಪ್ಪು ಬಣ್ಣ ಕೇಳಿದರೆ ಡೋನಲ್ ಕೊಡಲಿಲ್ಲ. ನೀಲಿಯನ್ನೂ ಕಂದನ್ನೂ ಕಲಸಿ ಕಪ್ಪು ನಾನೇ ಮಾಡಿಕೊಳ್ಳಬೇಕಂತೆ. ನೀಲಿ ಜಾಸ್ತಿಯಾದರೆ ಬಂಡೆ ಒದ್ದೆಯಾಗಿ ಕಾಣುತ್ತದೆ, ಕಂದು ಜಾಸ್ತಿಯಾದರೆ ಬಿಸಿಲು ಬಿದ್ದಂತೆ. ಮೂರು ಗುರುವಾರ ನಾನು ಬರೀ ಕಪ್ಪು ಮಾಡುವುದನ್ನು ಕಲಿತೆ.

ಡೋನಲ್ ಪ್ರತಿಯೊಬ್ಬರ ಹಿಂದೆ ಬಂದು ನಿಂತು "ಗ್ರ್ಯಾಂಡ್" ಎಂದು ಮುಂದೆ ಹೋಗುತ್ತಿದ್ದ. ಒಬ್ಬಳ ಸೇಬುಹಣ್ಣು ಆಲೂಗಡ್ಡೆಯಂತಿತ್ತು. ಅದಕ್ಕೂ ಗ್ರ್ಯಾಂಡ್. ನನ್ನದಕ್ಕೂ ಗ್ರ್ಯಾಂಡ್. ನನಗೆ ಸಿಟ್ಟು ಬಂತು.

ಕ್ಲಾಸು ಮುಗಿಯುವಾಗ ಊರಿನ ಲೈಬ್ರರಿಯಲ್ಲಿ ಎಲ್ಲರ ಚಿತ್ರ ಗೋಡೆಗೆ ಹಾಕುತ್ತಾರೆ ಎಂದು ತಿಳಿಯಿತು. ಷರತ್ತು ಒಂದೇ: ಚಿತ್ರ ಮುಗಿದಿರಬೇಕು, ಪೂರ್ತಿ ಒಣಗಿರಬೇಕು. ಜನರ ಬಟ್ಟೆಗೆ ಬಣ್ಣ ಹತ್ತಬಾರದಲ್ಲ. ನಾನು ವಾಪಸು ಹೊರಡುವ ಮುಂಚಿನ ಶನಿವಾರ ಅದು.

ಇದನ್ನು ನನ್ನ ಪಾಡಿಗೆ ನಾನು ಇಟ್ಟುಕೊಳ್ಳಬಹುದಿತ್ತು. ಆದರೆ ಆ ವಾರ ಊರಿಂದ ವಾರಗಿತ್ತಿ ಗಿರಿಜ ವೀಡಿಯೋ ಕಾಲ್ ಮಾಡಿದಳು.

"ಏನಕ್ಕಾ, ಚಿತ್ರ ಬರೀತೀಯಂತೆ? ನಿನ್ ರಂಗೋಲಿ ತುಳಸಿಕಟ್ಟೆ ಮುಂದೆ ಬಿದ್ರೆ ಕೋಳಿ ಕೆರೆದಂಗೆ ಇರ್ತಿತ್ತು."

"ಲೈಬ್ರರಿ ಗೋಡೆಗೆ ಹಾಕ್ತಾರೆ ಕಣೆ ನನ್ ಚಿತ್ರನ. ಬೀದೀಗೆಲ್ಲ ಹೇಳು ಹೋಗು" ಎಂದೆ.

ಅವಳು ಹೇಳಿದಳು. ಹೂವಿನವಳಿಂದ ಹಿಡಿದು ಗ್ಯಾಸಿನವನವರೆಗೆ. ನನ್ನ ಸಮುದ್ರದಲ್ಲಿ ಆಗ ನೀರೇ ಬಂದಿರಲಿಲ್ಲ.

ರೋಸಸ್ ಪಾಯಿಂಟ್

ನನಗೂ ಡೋನಲ್‌ಗೂ ಮೊದಲ ಜಗಳ ಆ ನಾಲ್ಕು ಜನರ ಬಗ್ಗೆ. ಚಿತ್ರದಲ್ಲಿ ಅವರು ಹೆಬ್ಬೆರಳ ಉಗುರಿನಷ್ಟಿದ್ದರು. ಮುಕ್ಕಾಲು ಭಾಗ ಬರೀ ಆಕಾಶ. ಇಷ್ಟು ದೊಡ್ಡ ಬಟ್ಟೆಯಲ್ಲಿ ಮನುಷ್ಯರಿಗೆ ಜಾಗ ಇಲ್ಲ ಎಂದರೆ ಏನರ್ಥ? ನಾನು ಅವರನ್ನು ಗೇಣುದ್ದ ಬರೆದೆ, ನಾಲ್ವರನ್ನೂ ಸ್ಟುಡಿಯೋದಲ್ಲಿ ಫೋಟೋಕ್ಕೆ ನಿಲ್ಲಿಸಿದ ಹಾಗೆ ಈ ಕಡೆ ತಿರುಗಿಸಿದೆ.

ಡೋನಲ್ ಬೈಯಲಿಲ್ಲ. "ಮಗಳಿಗೆ ಹೇಳಿ ಒಂದು ಭಾನುವಾರ ಸಮುದ್ರಕ್ಕೆ ಹೋಗಿ ಬನ್ನಿ" ಎಂದನಷ್ಟೇ.

ಸ್ಲೈಗೋದಿಂದ ರೋಸಸ್ ಪಾಯಿಂಟ್ ಹತ್ತಿರ. ಗಾಳಿ ಎಂದರೆ ಸೀರೆ ಮೇಲೆ ಕೋಟು, ಕೋಟಿನ ಮೇಲೆ ಅಳಿಯನ ಜಾಕೆಟ್ಟು ಹಾಕಿದರೂ ಒಳಗೆ ನುಗ್ಗುವ ಗಾಳಿ. ಅಂಥ ಚಳಿಯಲ್ಲಿ ನನಗಿಂತ ವಯಸ್ಸಾದ ಹೆಂಗಸರು ತಲೆಗೆ ಉಣ್ಣೆ ಟೋಪಿ ಹಾಕಿಕೊಂಡು ನೀರಿಗೆ ಇಳಿಯುತ್ತಿದ್ದರು. ಕಾಲಿಗೆ ಏನೂ ಇಲ್ಲ, ತಲೆಗೆ ಮಾತ್ರ ಟೋಪಿ! ಹೊರಗೆ ಬಂದವರು ಬೀಟ್‌ರೂಟಿನಂತೆ ಕೆಂಪಾಗಿ, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು ಹರಟೆಗೆ ಕೂತರು. ಒಬ್ಬಳು ನನಗೂ ಒಂದು ಕಪ್ ಕೊಟ್ಟಳು. ಸಕ್ಕರೆ ಇರಲಿಲ್ಲ. ಕುಡಿದೆ.

ನಾನು ಬೆಂಚಿನ ಮೇಲೆ ಕೂತೆ. ಶೋಭಾ, ಮಂಜುನಾಥ, ಅನ್ವಿ ಮರಳಿನ ಮೇಲೆ ದೂರ ಹೋದರು. ಸ್ವಲ್ಪ ಹೊತ್ತಿಗೆ ನೋಡಿದರೆ ಮೂರು ಚುಕ್ಕೆ. ಉಳಿದದ್ದೆಲ್ಲ ಆಕಾಶ, ನೀರು. ಹೆತ್ತವಳು ನಾನು. ನನಗೇ ನನ್ನ ಮಗಳು ಯಾವ ಚುಕ್ಕೆ ಎಂದು ತಿಳಿಯಲಿಲ್ಲ. ಮೂರು ಚುಕ್ಕೆಯಲ್ಲಿ ಒಂದೂ ನನ್ನ ಕಡೆ ತಿರುಗಿರಲಿಲ್ಲ. ಸಮುದ್ರ ನೋಡುತ್ತಿದ್ದವು.

ಆ ಚಿತ್ರ ಬರೆದವನು ಜನರನ್ನು ಸಣ್ಣ ಮಾಡಿರಲಿಲ್ಲ. ಅಷ್ಟು ನೀರಿನ ಮುಂದೆ ಅವರು ಇದ್ದದ್ದೇ ಅಷ್ಟು. ಮುಂದಿನ ಗುರುವಾರ ನನ್ನ ಸ್ಟುಡಿಯೋ ಫೋಟೋದವರನ್ನು ಬಟ್ಟೆಯಿಂದ ಒರೆಸಿ ಹಾಕಿದೆ.

ಹಾಟ್ ಪ್ರೆಸ್

ಅಲ್ಲಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕ್ ಇಡುವ ಒಂದು ಬೀರು ಇರುತ್ತದೆ. ಅದಕ್ಕೆ ಹಾಟ್ ಪ್ರೆಸ್ ಎನ್ನುತ್ತಾರೆ. ಒಗೆದ ಬಟ್ಟೆ, ಹಾಸಿಗೆ ಚಾದರ ಅದರೊಳಗೆ ಇಟ್ಟರೆ ಬೆಚ್ಚಗೆ ಒಣಗುತ್ತವೆ. ಬಿಸಿಲೇ ಇಲ್ಲದ ಊರಿಗೆ ಒಳ್ಳೆಯ ಏರ್ಪಾಡು.

ಚಿತ್ರವನ್ನು ಮನೆಗೆ ತಂದು ದಿನವೂ ಅಡಿಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೆ. ಒಂದು ದಿನ ಬಣ್ಣ ಕಲಸುವ ಎಣ್ಣೆಯ ಪುಟ್ಟ ಬಾಟಲಿ ಖಾಲಿಯಾಯಿತು. ಆಕಾಶ ಅರ್ಧ ಆಗಿತ್ತು. ಶೋಭಾ ಡ್ಯೂಟಿಯಲ್ಲಿದ್ದಳು. ಎಣ್ಣೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನನ್ನ ನಂಬಿಕೆ. ಕಾದ ಎಣ್ಣೆಯ ವಾಸನೆ ಮೇಲೇ ಅದು ಯಾವುದು, ಎಷ್ಟು ಸಲ ಕಾದದ್ದು ಎಂದು ಹೇಳಬಲ್ಲೆ. ಡಬ್ಲಿನ್ನಿಂದ ತರಿಸಿದ ಶೇಂಗಾ ಎಣ್ಣೆ ಕಪಾಟಿನಲ್ಲಿತ್ತು. ಒಳ್ಳೆಯ ಎಣ್ಣೆ. ಹಾಕಿದೆ. ಬಣ್ಣ ಎಷ್ಟು ನುಣ್ಣಗೆ ಓಡಿತು ಎಂದರೆ, ಆಕಾಶ, ಸಮುದ್ರ, ಬಂಡೆ ಎಲ್ಲವನ್ನೂ ಒಂದೇ ವಾರದಲ್ಲಿ ಮುಗಿಸಿದೆ. ಡೋನಲ್ ಕೊಡುವ ಪುಟ್ಟ ಬಾಟಲಿ ಬರೀ ಶೋಕಿ ಎಂದುಕೊಂಡೆ.

ಆದರೆ ಒಣಗಲಿಲ್ಲ. ಕಾದೆ, ಕಾದೆ. ಮುಟ್ಟಿದರೆ ಬೆರಳಿಗೆ ಬರುತ್ತಿತ್ತು. ಕೊನೆಗೆ ಅದನ್ನು ಹಾಟ್ ಪ್ರೆಸ್ಸಿನ ಮೇಲಿನ ಹಲಗೆಯಲ್ಲಿ ನಿಲ್ಲಿಸಿ ಬಾಗಿಲು ಹಾಕಿದೆ.

ಬೆಳಿಗ್ಗೆ ಶೋಭಾಳ ಕೂಗಿಗೆ ಎದ್ದೆ.

"ಅವ್ವಾ! ಏನಿಟ್ಟಿದೀಯ ಇದ್ರಾಗೆ?"

ಎಣ್ಣೆ ಬೆಚ್ಚಗಾಗಿ ಆಕಾಶ ಇಳಿದು ಹೋಗಿತ್ತು. ಸಮುದ್ರದ ಮೇಲೆ ಬಂದು, ಅಲ್ಲಿಂದ ಕೆಳಗಿನ ಹಲಗೆಯಲ್ಲಿದ್ದ ಅಳಿಯನ ಬಿಳಿ ಶರ್ಟುಗಳ ಮೇಲೆ ತೊಟ್ಟಿಕ್ಕಿತ್ತು. ಬಂಡೆ ಹಲಸಿನ ಮೇಣದಂತೆ ಜೋತು ಬಿದ್ದಿತ್ತು.

"ಎಣ್ಣೆ ಮುಗಿದಿತ್ತು, ಶೇಂಗಾ ಎಣ್ಣೆ ಹಾಕ್ದೆ" ಎಂದೆ.

"ನೀನ್ ಬರೀತಿದ್ದಿದ್ದು ಚಿತ್ರನಾ, ಒಗ್ಗರಣೆನಾ?"

"ಎಣ್ಣೆ ಬಣ್ಣ ಅಂದ್ರಲ್ಲ. ಇದ್ದಿದ್ರಾಗೆ ಒಳ್ಳೇದೇ ಹಾಕೀನಿ."

ಮಂಜುನಾಥ ಒಂದು ಶರ್ಟನ್ನು ಬೆಳಕಿಗೆ ಹಿಡಿದು ನೋಡಿದರು. "ಪರವಾಗಿಲ್ಲ ಬಿಡಿ ಅತ್ತೆ. ಆಫೀಸಲ್ಲಿ ಡಿಸೈನ್ ಅಂದ್ಕೊಳ್ತಾರೆ."

"ನೀವು ಸುಮ್ನಿರಿ!" ಎಂದು ಶೋಭಾ ಅವರ ಮೇಲೂ ಹಾರಿದಳು.

ಗುರುವಾರ ಅದನ್ನು ಹಾಗೇ ಹಾಲ್‌ಗೆ ತೆಗೆದುಕೊಂಡು ಹೋದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಡೋನಲ್ ಬೆರಳಿಟ್ಟ, ಮೂಸಿ ನೋಡಿದ, ಕಣ್ಣರಳಿಸಿದ. ಸಿಸಿಲಿಯಾ ಬಾಯಿಗೆ ಕೈ ಹಿಡಿದು ನಗುತ್ತಿದ್ದಳು.

"ಇದನ್ನು ಗೋಡೆಗೆ ಹಾಕುದಾ, ಬಾಣಲೆಗೆ ಹಾಕುದಾ ಅಂತ ಕೇಳ್ತಾ ಇದ್ದಾರೆ ಮಾರಾಯ್ರೆ!"

ಆಮೇಲೆ ಅವನು ಸಮಾಧಾನವಾಗಿ ಹೇಳಿದ. ಅಡಿಗೆ ಎಣ್ಣೆ ಯಾವ ಕಾಲಕ್ಕೂ ಹಾಗೆ ಒಣಗುವುದಿಲ್ಲ. ಬಣ್ಣಕ್ಕೆ ಬೇಕಾದದ್ದು ಒಣಗುವ ಎಣ್ಣೆ. ಅದು ಗಾಳಿ ಕುಡಿದು ಹಾಲಿನ ಕೆನೆಯಂತೆ ಕಟ್ಟಿ, ಆಮೇಲೆ ಗಟ್ಟಿಯಾಗುತ್ತದೆ. ಯಾವ ಬೀಜದ್ದು ಎಂದು ಕೇಳಿದೆ. ಸಿಸಿಲಿಯಾ ಫೋನಿನಲ್ಲಿ ಬೀಜದ ಚಿತ್ರ ತೆಗೆದು ತೋರಿಸಿದಳು. ಅಗಸೆ! ವರ್ಷಕ್ಕೆ ಎರಡು ಸಲ ಹುರಿದು ಬೆಳ್ಳುಳ್ಳಿ ಹಾಕಿ ಚಟ್ನಿಪುಡಿ ಕುಟ್ಟುವ ಅಗಸೆ. ಜೀವಮಾನವಿಡೀ ಎಣ್ಣೆಯ ಮುಂದೆ ಕೂತಿದ್ದೇನೆ. ಒಣಗುವ ಎಣ್ಣೆ ಎಂಬುದೊಂದು ಇದೆ ಎಂದು ಅಂದೇ ತಿಳಿದದ್ದು.

ಆ ಬಟ್ಟೆ ಶೇಂಗಾ ಎಣ್ಣೆ ಕುಡಿದುಬಿಟ್ಟಿದೆ, ಕೆರೆದರೂ ಇನ್ನು ಅದರ ಮೇಲೆ ಬಣ್ಣ ನಿಲ್ಲದು, ಎಸೆಯಬೇಕು ಎಂದ ಡೋನಲ್. ಲೈಬ್ರರಿಗೆ ಎರಡೂವರೆ ವಾರ ಉಳಿದಿತ್ತು.

"ಬೇಜಾರ್ ಮಾಡ್ಕೊಬೇಡಿ, ಮುಂದಿನ ವರ್ಷ ಹಾಕುವ ಅಂತಾರೆ" ಎಂದಳು ಸಿಸಿಲಿಯಾ.

"ಮುಂದಿನ ವರ್ಷ ಇಲ್ಲಿ ಯಾರವ್ವ ಇರ್ತಾರೆ? ನನ್ ವೀಸಾ ಮುಗಿದಿರ್ತದೆ. ಇನ್ನೊಂದು ಬಟ್ಟೆ ಕೊಡು ಅಂತ ಹೇಳು ಅವನಿಗೆ."

"ಎರಡೂವರೆ ವಾರದಲ್ಲಿ ಒಣಗ್ಲಿಕ್ಕಿಲ್ಲ ಅಂತಾರೆ."

"ಒಣಗೋ ಹಂಗೆ ಹೆಂಗ್ ಬರೀಬೇಕು ಅಂತ ಹೇಳಲಿ. ಒಣಗಲ್ಲ ಅಂತ ಹೇಳೋಕೆ ಮೇಷ್ಟ್ರು ಯಾಕೆ?"

ಸಿಸಿಲಿಯಾ ಇದನ್ನು ಎಷ್ಟು ಮೆತ್ತಗೆ ಮಾಡಿ ಹೇಳಿದಳೋ ಗೊತ್ತಿಲ್ಲ. ಡೋನಲ್ ಬೀರು ತೆರೆದು ಹೊಸ ಬಟ್ಟೆ ತಂದ.

ಮತ್ತೆ ಅಡಿಗೆಮನೆ

ಒಣಗುವ ಹಾಗೆ ಬರೆಯುವುದು ಹೀಗೆ: ಕೆಳಗಿನ ಪದರ ಬಡವಾಗಿರಬೇಕು, ಎಣ್ಣೆ ಇಲ್ಲದೆ ಬರೀ ಟರ್ಪಂಟೈನಿನಲ್ಲಿ ನೀರು ಮಾಡಿದ ಬಣ್ಣ. ಅದರ ಮೇಲಿನದಕ್ಕೆ ಸ್ವಲ್ಪ ಎಣ್ಣೆ. ಎಲ್ಲಕ್ಕಿಂತ ಮೇಲಿನದಕ್ಕೆ ಇನ್ನೂ ಸ್ವಲ್ಪ. ತೆಳ್ಳಗೆ, ಸೊಳ್ಳೆ ರೆಕ್ಕೆಯಷ್ಟು ತೆಳ್ಳಗೆ.

ಹಾಳಾದ ಚಿತ್ರದಿಂದ ನಷ್ಟವೇನೂ ಆಗಲಿಲ್ಲ. ಕಪ್ಪು ಮಾಡುವುದು ಕೈಗೆ ಬಂದಿತ್ತು. ಆಕಾಶ ಎಲ್ಲಿ ತಿಳಿಯಾಗಬೇಕು, ಎಲ್ಲಿ ಕೊಳೆಯಾಗಬೇಕು ಎಂದು ಕಣ್ಣು ಮುಚ್ಚಿದರೂ ಗೊತ್ತಿತ್ತು. ಬಂಡೆ ಎರಡು ದಿನದಲ್ಲಿ ಎದ್ದು ನಿಂತಿತು. ನನ್ನನ್ನು ಕಾಡಿದ್ದು ಆ ಶಾಲಿನ ಹೆಂಗಸು. ಮೂಗು ಬರೆದೆ, ಇಲಿಯಂತಾಯಿತು. ಒರೆಸಿದೆ. ಕಣ್ಣು ಬರೆದೆ, ಪಿಶಾಚಿ. ಡೋನಲ್ ಹೇಳಿದ್ದ: ಮೂಗು ಕಣ್ಣು ಬರೆಯಬೇಡಿ, ಬೆಳಕು ಎಲ್ಲಿ ಬಿದ್ದಿದೆಯೋ ಅಷ್ಟನ್ನೇ ಇಡಿ. ಅವನ ಮಾತಿನಂತೆ ಅವಳ ತಲೆ ಮೇಲೆ ಒಂದು ಗೆರೆ, ಭುಜಕ್ಕೊಂದು ಗೆರೆ ಬೆಳಕು ಇಟ್ಟೆ. ಶಾಲು ಎಳೆದುಕೊಂಡಳು. ಆಮೇಲೆ ಮಗುವಿನ ಮುಷ್ಟಿ. ಕುಂಚದ ತುದಿಯಿಂದ ಒಂದೇ ಚುಕ್ಕೆ. ಅದು ಲಂಗ ಹಿಡಿದುಕೊಂಡಿತು! ನಾನು ಕುಂಚ ಕೆಳಗಿಟ್ಟು ಶೋಭಾಳನ್ನು ಕೂಗಿದೆ.

ಅವಳು ಬಗ್ಗಿ ನೋಡಿದಳು. "ಹಿಡ್ಕೊಂಡೈತಲ್ಲವ್ವಾ" ಎಂದಳು. ಆ ಮೇಲೆ ಶರ್ಟಿನ ಮಾತು ಮನೆಯಲ್ಲಿ ಬರಲಿಲ್ಲ.

ಎರಡು ದಿನ ಉಳಿದಾಗ ಎಲ್ಲವೂ ಒಣಗಿತ್ತು. ಗೋಡೆಗೆ ಹಾಕಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ದೂರ ನಿಂತು ನೋಡಿದೆ. ನೊರೆ ಸತ್ತಿತ್ತು. ತೆಳ್ಳಗೆ ಬರೆಯುವ ಭರದಲ್ಲಿ ಅಲೆಯ ನೊರೆಯನ್ನೂ ತೆಳ್ಳಗೆ ಬಳಿದಿದ್ದೆ. ಬಂಡೆಗೆ ಬಡಿಯುವ ಅಲೆ ಸೋಪಿನ ನೀರಿನಂತಿತ್ತು. ಮೂಲ ಚಿತ್ರದಲ್ಲಿ ಅಲ್ಲಿ ಬಣ್ಣ ದಪ್ಪಗೆ ಏರುಪೇರಾಗಿ ನಿಂತಿರುವುದು ಕಾಗದದ ಮೇಲೂ ಕಾಣುತ್ತಿತ್ತು.

ಈಗ ದಪ್ಪ ಹಾಕಿದರೆ ಶನಿವಾರಕ್ಕೆ ಒಣಗದು ಎಂದು ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಬಿಳಿ ಬಣ್ಣವನ್ನು ಚಾಕುವಿನ ತುದಿಯಲ್ಲಿ ತೆಗೆದು, ಬಿಸಿ ರೊಟ್ಟಿಗೆ ಬೆಣ್ಣೆ ಸವರಿದಂತೆ ಅಲೆಯ ನೆತ್ತಿಗೆ ಸವರಿದೆ. ಸಮುದ್ರಕ್ಕೆ ಸದ್ದು ಬಂದಂತಾಯಿತು.

ಲೈಬ್ರರಿ

ಶನಿವಾರ ಡೋನಲ್ ಪ್ರತಿ ಚಿತ್ರವನ್ನೂ ಕಿರುಬೆರಳ ಹಿಂಭಾಗದಿಂದ ಮುಟ್ಟಿ ನೋಡಿ ಗೋಡೆಗೆ ಕಳಿಸುತ್ತಿದ್ದ. ನನ್ನ ಆಕಾಶ ಮುಟ್ಟಿದ, ಬಂಡೆ ಮುಟ್ಟಿದ, ಜನರನ್ನು ಮುಟ್ಟಿದ. ನೊರೆ ಮುಟ್ಟಿದ. ಬೆರಳು ಬೆಳ್ಳಗಾಯಿತು.

"ನೊರೆ ಮಾತ್ರ ಕೆರೆದು ತೆಗೀರಿ, ಈಗಲೇ ಹಾಕ್ತೇನೆ ಅಂತಾರೆ" ಎಂದಳು ಸಿಸಿಲಿಯಾ. "ತೆಗೀರಿ ಮಾರಾಯ್ರೆ. ಎರಡು ನಿಮಿಷದ ಕೆಲಸ. ಅಷ್ಟು ಜನಕ್ಕೆ ಹೇಳಿಟ್ಟಿದ್ದೀರಿ ಊರಲ್ಲಿ."

ಶೋಭಾ ನನ್ನ ಮುಖ ನೋಡಿದಳು. ಬೀದಿಗೆಲ್ಲ ಸಾರಿದ್ದು ನನಗೂ ನೆನಪಿತ್ತು.

"ನೊರೆ ತೆಗೆದ್ರೆ ಅದು ಸಮುದ್ರ ಅಲ್ಲ, ಕೆರೆ. ಕೆರೆ ಬರೆಯೋಕೆ ನಾನು ಇಷ್ಟು ದೂರ ಬರಬೇಕಿತ್ತಾ? ಹಾಕಿದ್ರೆ ಹಿಂಗೇ ಹಾಕಲಿ. ಇಲ್ಲಾಂದ್ರೆ ಬಿಡಲಿ" ಎಂದೆ.

ಸಿಸಿಲಿಯಾ ಹೇಳಿದಳು. ಡೋನಲ್ ಚಿತ್ರವನ್ನು ಕುರ್ಚಿಗೆ ಒರಗಿಸಿ ಹಿಂದೆ ಹಿಂದೆ ನಡೆದು, ಬಾಗಿಲ ಹತ್ತಿರ ನಿಂತು, ಕಣ್ಣು ಕಿರಿದು ಮಾಡಿ ನೋಡಿದ. ತುಂಬಾ ಹೊತ್ತು ನೋಡಿದ. ಗ್ರ್ಯಾಂಡ್ ಎನ್ನಲಿಲ್ಲ. ಹೋಗಿ ಸುತ್ತಿಗೆ ಮೊಳೆ ತಂದ.

ಕಿಟಕಿ ಪಕ್ಕದ ಗೋಡೆಗೆ ಮೊಳೆ ಹೊಡೆದು ಅದನ್ನು ಹಾಕಿ, ಕೆಳಗೆ ಆ ಕುರ್ಚಿ ಇಟ್ಟು, ನನಗೆ ಕೈ ತೋರಿಸಿದ. ಸಂಜೆಯವರೆಗೆ ನಾನು ಅಲ್ಲೇ ಕೂತು, ಯಾರೂ ಮುಟ್ಟದ ಹಾಗೆ ಕಾದೆ. ಜನ ಬಂದರು. ಒದ್ದೆ ಕೋಟಿನವರು, ನಾಯಿ ಹಿಡಿದವರು, ಉಣ್ಣೆ ಟೋಪಿಯವರು. ಒಬ್ಬ ಅಜ್ಜ ನೊರೆಗೆ ಬೆರಳು ಚಾಚಿದ.

"ನೋ! ವೆಟ್!" ಎಂದು ಕೂಗಿದೆ.

ಅವನು ಕೈ ಹಿಂದಕ್ಕೆ ಎಳೆದುಕೊಂಡು, ನಗುತ್ತಾ, ಬರೆದದ್ದು ಯಾರು ಎಂದು ಕೇಳಿದ. ಎದೆ ಮೇಲೆ ಕೈ ಇಟ್ಟು "ಮೀ" ಎಂದೆ. ಅವನು ಟೋಪಿ ತೆಗೆದ. ಟೋಪಿ ತೆಗೆಯಬೇಕಾದ ಕೆಲಸವೇ ಅದು.

ಹೊರಡುವುದು

ಊರಿಗೆ ಒಯ್ಯಲು ಶೋಭಾ ಪ್ಲಾಸ್ಟಿಕ್ ತಂದಳು. ಡೋನಲ್ ಕೇಳಿದರೆ, ದಪ್ಪ ಬಿಳಿ ಒಳಗೆಲ್ಲ ಒಣಗಲು ತಿಂಗಳುಗಟ್ಟಲೆ ಬೇಕು, ಸುತ್ತಿದರೆ ನೊರೆ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬರುತ್ತದೆ ಎಂದ. ಲೈಬ್ರರಿಯ ಹೆಂಗಸು, ಒಣಗುವ ತನಕ ಇಲ್ಲೇ ಇರಲಿ, ಅಡ್ಡಕ್ಕಿಟ್ಟ ಕುರ್ಚಿ ತೆಗೆಯುವುದಿಲ್ಲ ಎಂದಳು.

"ಅವ್ವಾ, ಬರಿಗೈಯಲ್ಲಿ ಹೋದ್ರೆ ಗಿರಿಜ ಚಿಕ್ಕಮ್ಮ ನಂಬ್ತಾಳಾ?" ಎಂದಳು ಶೋಭಾ. ಫೋಟೋ ತೆಗೆದು ನನ್ನ ಫೋನಿಗೆ ಹಾಕಿಯೂ ಕೊಟ್ಟಳು. ವಿಮಾನದಲ್ಲಿ ಕೂತು ಅದನ್ನು ನೋಡಿದೆ. ನೊರೆ ಮಟ್ಟಸವಾಗಿತ್ತು. ಮೂರು ಗುರುವಾರ ಕಲಿತ ಆ ಕಪ್ಪು ಬರೀ ಕಪ್ಪಾಗಿ ಕಾಣುತ್ತಿತ್ತು. ಅಳಿಸಿಬಿಟ್ಟೆ.

ಊರಿಗೆ ಬಂದ ದಿನದಿಂದ ಎಲ್ಲರದೂ ಒಂದೇ ಪ್ರಶ್ನೆ, ಎಲ್ಲಿ ತೋರಿಸಿ. ತೋರಿಸಲು ನನ್ನ ಹತ್ತಿರ ಇಲ್ಲ. ಅದು ಸ್ಲೈಗೋದಲ್ಲಿ ಗೋಡೆಯ ಮೇಲಿದೆ. ನಂಬದವರು ಟಿಕೆಟ್ಟು ತೆಗೆದುಕೊಂಡು ಹೋಗಿ ನೋಡಿಕೊಂಡು ಬರಲಿ. ಬಾಗಿಲ ಹತ್ತಿರ ನಿಂತು, ಕಣ್ಣು ಕಿರಿದು ಮಾಡಿ ನೋಡಬೇಕು. ಮುಟ್ಟಬಾರದು.